ಕೈಯಲ್ಲಿ ದುಡ್ಡು ಕಮ್ಮಿ, ಗೊಂಬೆ ಕೂಡಿಡುವ ಆಸೆ ಜಾಸ್ತಿ. ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನಗೆ 34 ವರ್ಷ. ಚಿಕ್ಕವಳಿದ್ದಾಗಿನಿಂದ ಗೊಂಬೆ ಅಂದರೆ ಪ್ರಾಣ. ಈಗ ಸಂಗ್ರಹ ಶುರು ಮಾಡಬೇಕು ಅಂತ ಆಸೆ. ಆದರೆ ತಿಂಗಳ ಖರ್ಚು ಕಳೆದು ಉಳಿಯುವುದು ತುಂಬಾ ಕಮ್ಮಿ. ಜಾಗವೂ ಕಪಾಟಿನ ಒಂದೇ ಅರೆಯಷ್ಟು. ಇದು ದುಡ್ಡಿದ್ದವರ ಹವ್ಯಾಸ ಅಂತ ಮನೆಯವರು ಹೇಳುತ್ತಾರೆ. ನಿಜವಾ? ಇನ್ನು ಕೆಲವರು, ಪೆಟ್ಟಿಗೆ ಬಿಚ್ಚದೆ ಇಟ್ಟರೆ ಮುಂದೆ ಒಳ್ಳೆ ಬೆಲೆ ಬರುತ್ತೆ ಅನ್ನುತ್ತಾರೆ. ಪರಿಚಯದವರೊಬ್ಬರು ಎಸೆಯಲು ತೆಗೆದಿಟ್ಟಿದ್ದ ಒಂದು ಬಾರ್ಬಿಯನ್ನು ಕೇಳಿ ತಂದಿದ್ದೇನೆ. ಕೂದಲು ಪೂರ್ತಿ ಗಂಟು. ಕಿವಿಯ ಹತ್ತಿರ ಹಸಿರು ಕಲೆ. ಬೆನ್ನ ಮೇಲೆ 1966 ಅಂತ ಇದೆ. ಅಷ್ಟು ಹಳೆಯದಾ? ಇದರಿಂದಲೇ ಶುರು ಮಾಡಬಹುದಾ?

ಉತ್ತರ: ನಮಸ್ಕಾರ. ಮೊದಲು ನಿಮ್ಮ ಮನೆಯವರ ಮಾತಿಗೆ ಉತ್ತರ ಕೊಡುತ್ತೇನೆ. ಅದು ನಿಜ ಅಲ್ಲ. ದುಡ್ಡಿದ್ದವರೂ ಗೊಂಬೆ ಕೂಡಿಡುತ್ತಾರೆ, ಅಷ್ಟೇ. ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಗೊಂಬೆ ಕೂಡಿಡುತ್ತಿದ್ದೇನೆ, ಹಾಳಾದವನ್ನು ಸರಿ ಮಾಡುತ್ತಿದ್ದೇನೆ. ನನಗೆ ತೀರಾ ಪ್ರೀತಿಯ ಗೊಂಬೆಗಳಲ್ಲಿ ಹೆಚ್ಚಿನವು ಬೇರೆಯವರು ಬೇಡ ಅಂತ ಬಿಟ್ಟವು.

ಒಂದು ಹಳೆಯ ಸಂಗತಿ ಹೇಳುತ್ತೇನೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯಾಗುವ ಮೊದಲು, ಇನ್ನೂ ಹುಡುಗಿಯಾಗಿದ್ದಾಗ, ಅವಳ ಹತ್ತಿರ 132 ಮರದ ಗೊಂಬೆಗಳಿದ್ದವು. ಕೇಳಿದ ಗೊಂಬೆ ತರಿಸಿಕೊಡುವವರು ಇದ್ದ ಮನೆ ಅದು. ಆದರೂ ಅವಳು ಕೂಡಿಟ್ಟಿದ್ದು ಆ ಕಾಲದ ತೀರಾ ಅಗ್ಗದ ಗೊಂಬೆಗಳನ್ನು. ಅಂಗೈಗಿಂತ ಸ್ವಲ್ಪ ದೊಡ್ಡವು. ಕೈಕಾಲುಗಳನ್ನು ಪುಟ್ಟ ಗೂಟದಿಂದ ಜೋಡಿಸಿದ್ದು, ಮುಖಕ್ಕೆ ನಾಲ್ಕು ಗೆರೆ ಬಣ್ಣ. ಅವಳೂ, ಅವಳನ್ನು ನೋಡಿಕೊಳ್ಳುತ್ತಿದ್ದ ಲೇಜೆನ್ ಎಂಬ ಶಿಕ್ಷಕಿಯೂ ಕೂತು ಅವಕ್ಕೆಲ್ಲ ಬಟ್ಟೆ ಹೊಲಿದರು. 32 ಗೊಂಬೆಗಳ ಬಟ್ಟೆ ವಿಕ್ಟೋರಿಯಾಳದೇ ಕೈಕೆಲಸ. ಒಂದು ಪುಸ್ತಕದಲ್ಲಿ ಪಟ್ಟಿಯನ್ನೂ ಬರೆದಿಟ್ಟಿದ್ದಳು: ಗೊಂಬೆಯ ಹೆಸರು, ಅದು ಯಾರ ವೇಷ, ಬಟ್ಟೆ ಹೊಲಿದದ್ದು ಯಾರು. ಆ ಗೊಂಬೆಗಳಿಗೆ ಬೆಲೆ ಬಂದದ್ದು ಆ ಹೊಲಿಗೆಯಿಂದ, ಆ ಪಟ್ಟಿಯಿಂದ. ಮರಕ್ಕೆ ಕೊಟ್ಟ ಕಾಸಿನಿಂದಲ್ಲ. ನಾನು ನಿಮಗೆ ಹೇಳಬೇಕಾದ್ದೂ ಇದನ್ನೇ. ದುಡ್ಡು ಕಮ್ಮಿ ಇರುವ ಕಡೆ ಕೈಕೆಲಸ ಮತ್ತು ತಿಳಿವಳಿಕೆ ಹಾಕಿ.

ಈ ಹವ್ಯಾಸ ದುಬಾರಿಯಾಗುವುದು ಒಂದೇ ಕಾರಣಕ್ಕೆ. ಕಂಡದ್ದೆಲ್ಲ ಬೇಕು ಅನ್ನಿಸುತ್ತದೆ. ಇವತ್ತು ಪಿಂಗಾಣಿ ಮುಖದ ಗೊಂಬೆ, ನಾಳೆ ಮರದ್ದು, ನಾಳಿದ್ದು ಯಾವುದೋ ಹೊಸ ಸರಣಿ. ಒಂದು ವರ್ಷಕ್ಕೆ ಅರೆ ತುಂಬಿ ಹೋಗುತ್ತದೆ. ಕೈ ಖಾಲಿ. ತಿರುಗಿ ನೋಡಿದರೆ ಅವಕ್ಕೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಅದಕ್ಕೇ ಮೊದಲು ಒಂದು ಗಡಿ ಹಾಕಿಕೊಳ್ಳಿ. ಗಡಿ ಎಷ್ಟು ಚಿಕ್ಕದೋ ಅಷ್ಟು ಬೇಗ ಆ ವಿಷಯದಲ್ಲಿ ನಿಮ್ಮ ಕಣ್ಣು ಪಳಗುತ್ತದೆ. ಕಣ್ಣು ಪಳಗಿದವರಿಗೆ ಬೇರೆಯವರು ಬದಿಗೆ ಸರಿಸಿದ ಡಬ್ಬದಲ್ಲೂ ಒಳ್ಳೆಯದು ಕಾಣಿಸುತ್ತದೆ.

ಯಾವ ಗಡಿ? ಕೆಲವರು ರಷ್ಯಾದ ಮಾತ್ರಿಯೋಷ್ಕ ಹಿಡಿಯುತ್ತಾರೆ, ಒಂದರೊಳಗೆ ಒಂದು ಕೂರುವ ಮರದ ಗೊಂಬೆ. ನೋಡಿದರೆ ಬಹಳ ಹಳೆಯ ಕಲೆ ಅನ್ನಿಸುತ್ತದೆ, ಆದರೆ ಶುರುವಾದದ್ದು 1890ರ ದಶಕದಲ್ಲಿ. 1900ರ ಪ್ಯಾರಿಸ್ ಪ್ರದರ್ಶನದಿಂದ ಅದು ಲೋಕಕ್ಕೆಲ್ಲ ಗೊತ್ತಾಯಿತು. ಅದನ್ನು ಮುಚ್ಚಿಟ್ಟರೆ ಒಂದು ಲೋಟದಷ್ಟು ಜಾಗ ಸಾಕು. ಜಪಾನಿನ ತೋಹೊಕು ಕಡೆಯ ಕೊಕೇಶಿಗೆ ಕೈಯೂ ಇಲ್ಲ, ಕಾಲೂ ಇಲ್ಲ. ಕಡೆದ ಮರದ ಮೈ, ಒಂದು ದುಂಡು ತಲೆ. ಎಷ್ಟೋ ಕೊಕೇಶಿಗಳ ತಳದಲ್ಲಿ ಮಾಡಿದವರ ಸಹಿ ಇರುತ್ತದೆ, ಹಾಗಾಗಿ ಗುರುತಿಸುವುದನ್ನು ಕಲಿಯಲು ಬಹಳ ಚೆನ್ನ. ಕಾಗದದ ಗೊಂಬೆಗಳನ್ನು ಮಾತ್ರ ಕೂಡಿಡುವವರೂ ಇದ್ದಾರೆ. ಕತ್ತರಿಸಿ ಬಟ್ಟೆ ಬದಲಿಸುವ ಅಂಥ ಗೊಂಬೆಯ ಪುಸ್ತಕ ಲಂಡನ್ನಿನಲ್ಲಿ 1810ರಲ್ಲೇ ಮಾರಾಟಕ್ಕೆ ಬಂದಿತ್ತು. ಇದಕ್ಕೆ ಬೇಕಾದ ಜಾಗ ಒಂದು ಫೈಲಿನಷ್ಟು. ನೂರು ವರ್ಷ ಹಳೆಯ ಜರ್ಮನ್ ಪಿಂಗಾಣಿ ತಲೆಯ ಗೊಂಬೆ ಅಂದರೆ ಕೈಗೆಟುಕುವುದೇ ಇಲ್ಲ ಅಂದುಕೊಳ್ಳುತ್ತೀರಿ, ಅಲ್ವಾ? ಅಲ್ಲೂ ಲೆಕ್ಕವಿಲ್ಲದಷ್ಟು ತಲೆಗಳನ್ನು ತೆಗೆದ ಅಚ್ಚುಗಳಿವೆ. ಆರ್ಮಾಂಡ್ ಮಾರ್ಸೆಲ್ ಕಂಪನಿಯ 390ನೇ ನಂಬರಿನ ಅಚ್ಚು ಅಂಥದ್ದು. ಎಷ್ಟು ಮಾಡಿದ್ದರು ಅಂದರೆ, ಅಷ್ಟು ಹಳೆಯದಾದರೂ ಅಪರೂಪ ಅಲ್ಲ. ಹಳೆಯದೆಲ್ಲ ದುಬಾರಿ ಅಲ್ಲ, ಹೊಸದೆಲ್ಲ ಅಗ್ಗವೂ ಅಲ್ಲ.

ನಿಮಗೆ ನಾನು ಹೇಳುವುದು ಬಾರ್ಬಿ ಅಳತೆಯ, ಮಕ್ಕಳು ಆಡಿ ಬಿಟ್ಟ ಗೊಂಬೆಗಳು. ಒಂದು ಗೊಂಬೆ ಆಗಲೇ ಕೈಯಲ್ಲಿದೆ ಅನ್ನುವುದು ಒಂದು ಕಾರಣ. ಎರಡನೆಯದು ಅಳತೆ. ಬಾರ್ಬಿಯ ಎತ್ತರ ಹನ್ನೊಂದೂವರೆ ಇಂಚು, ಸುಮಾರು 29 ಸೆಂಟಿಮೀಟರ್. ಬೇರೆ ಕಂಪನಿಗಳೂ ಹೆಚ್ಚುಕಮ್ಮಿ ಇದೇ ಅಳತೆಯಲ್ಲಿ ಗೊಂಬೆ ಮಾಡಿವೆ. ಹಾಗಾಗಿ ಒಂದರ ಬಟ್ಟೆ ಎಷ್ಟೋ ಸಲ ಇನ್ನೊಂದಕ್ಕೆ ಆಗುತ್ತದೆ. ಒಂದು ಕುರ್ಚಿ ಮಾಡಿದರೆ ಎಲ್ಲಕ್ಕೂ ಆಗುತ್ತದೆ. ಮೂರನೆಯದು, ಇವು ಲೆಕ್ಕವಿಲ್ಲದಷ್ಟು ತಯಾರಾಗಿವೆ. ಮಕ್ಕಳು ದೊಡ್ಡವರಾದ ಮನೆಗಳ ಡಬ್ಬಗಳಲ್ಲಿ ಸುಮ್ನೆ ಬಿದ್ದಿರುತ್ತವೆ. ನಿಮಗೆ ಆಸಕ್ತಿ ಇದೆ ಅಂತ ನಾಲ್ಕು ಜನಕ್ಕೆ ಹೇಳಿಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಒಂದೊಂದೇ ಗೊಂಬೆ ಆರಿಸುವುದಕ್ಕಿಂತ ಒಟ್ಟಿಗೆ ಮಾರುವ ಗಂಟು ನೋಡಿ. ಅದರಲ್ಲಿ ಒಂಟಿ ಶೂ, ಹರಿದ ಗೌನು, ಕೈ ಹೋದ ಗೊಂಬೆ ಎಲ್ಲ ಇರುತ್ತದೆ. ಒಂದೂ ವ್ಯರ್ಥ ಆಗುವುದಿಲ್ಲ.

ಇನ್ನು ಪೆಟ್ಟಿಗೆ ಬಿಚ್ಚದೆ ಇಟ್ಟರೆ ಬೆಲೆ ಬರುತ್ತೆ ಅನ್ನುವ ಮಾತು. ಇದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಹಣ ಬೆಳೆಯುತ್ತದೆ ಅಂತ ಗೊಂಬೆ ಕೊಳ್ಳಬೇಡಿ. ಬೆಲೆ ಏರುವುದು ಅಪರೂಪವಾದವಕ್ಕೆ. ಅಪರೂಪ ಆಗುವುದು, ಆ ಕಾಲದಲ್ಲಿ ಯಾರೂ ಜೋಪಾನ ಮಾಡದೇ ಇದ್ದದ್ದು. ಬ್ಲೈತ್ ಗೊಂಬೆಯನ್ನೇ ನೋಡಿ. ಕೆನ್ನರ್ ಕಂಪನಿ ಅದನ್ನು 1972ರಲ್ಲಿ ತಂದಿತು. ದೊಡ್ಡ ತಲೆ, ಹಿಂದಿನ ದಾರ ಎಳೆದರೆ ನಾಲ್ಕು ಬಣ್ಣಕ್ಕೆ ಬದಲಾಗುವ ಕಣ್ಣು. ಮಾರಾಟ ನಡೆಯಲಿಲ್ಲ, ಒಂದೇ ವರ್ಷಕ್ಕೆ ನಿಲ್ಲಿಸಿದರು. ಎಷ್ಟೋ ವರ್ಷದ ಮೇಲೆ ಜನಕ್ಕೆ ಅದರ ಹುಚ್ಚು ಹಿಡಿಯಿತು. 2001ರಲ್ಲಿ ಜಪಾನಿನ ತಕಾರ ಕಂಪನಿ ಮತ್ತೆ ಮಾಡತೊಡಗಿತು. 1972ರಲ್ಲಿ ಇದನ್ನು ಯಾರು ಊಹಿಸಿದ್ದರು? ಇದಕ್ಕೆ ತದ್ವಿರುದ್ಧ ಹಬ್ಬದ ಬಾರ್ಬಿಗಳ ಕಥೆ, ಅಂದರೆ ಕ್ರಿಸ್‌ಮಸ್ ಹೊತ್ತಿಗೆ ಅಂತ ತಂದ ವಿಶೇಷ ಬಾರ್ಬಿಗಳು. 1988ರಲ್ಲಿ ಬಂದ ಮೊದಲನೆಯದಕ್ಕೆ ಬೇಡಿಕೆ ಜೋರಾಯಿತು. ಮುಂದಿನ ವರ್ಷಗಳಲ್ಲಿ ಕಂಪನಿ ರಾಶಿ ರಾಶಿ ಮಾಡಿತು, ಜನ ಪೆಟ್ಟಿಗೆ ಬಿಚ್ಚದೆ ರಾಶಿ ರಾಶಿ ಎತ್ತಿಟ್ಟರು. ಎಲ್ಲರ ಹತ್ತಿರವೂ ಹೊಸದರಂತೆ ಇರುವ ವಸ್ತುವಿಗೆ ಹೆಚ್ಚಿನ ಬೆಲೆ ಯಾರು ಕೊಡುತ್ತಾರೆ? ಪೆಟ್ಟಿಗೆಯ ಮೇಲೆ "ಸಂಗ್ರಹಕಾರರಿಗಾಗಿ" ಅಂತ ಅಚ್ಚಾಗಿದ್ದರೆ, ಆ ಅಕ್ಷರಕ್ಕೂ ನೀವೇ ಕಾಸು ಕೊಡುತ್ತಿದ್ದೀರಿ ಅಂತ ತಿಳಿಯಿರಿ.

ಇದರಿಂದ ನಿಮಗೆ ಲಾಭವೂ ಇದೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಗೊಂಬೆಯ ಬೆಲೆ ಇಳಿಯುತ್ತದೆ. ಗೊಂಬೆ ಮಾತ್ರ ಅದೇ ಗೊಂಬೆ. ಪೆಟ್ಟಿಗೆ ಬೇಡ ಅಂತ ಮೊದಲೇ ತೀರ್ಮಾನ ಮಾಡಿದರೆ ಅರ್ಧ ಭಾರ ಇಳಿದ ಹಾಗೆ. ಜೊತೆಗೆ, ಪೆಟ್ಟಿಗೆಯೊಳಗೆ ಗೊಂಬೆ ಕ್ಷೇಮವಾಗಿರುತ್ತದೆ ಅನ್ನುವುದೂ ಪೂರ್ತಿ ನಿಜ ಅಲ್ಲ. ತಲೆಯನ್ನು ಹಿಡಿದಿಡಲು ಹಾಕಿದ ರಬ್ಬರ್ ಬ್ಯಾಂಡು ಕೂದಲಿಗೆ ಅಂಟಿಕೊಳ್ಳುವುದನ್ನು, ಬಟ್ಟೆಯ ಬಣ್ಣ ಮೈಗೆ ಇಳಿಯುವುದನ್ನು ನಾನೇ ಬಿಚ್ಚಿ ನೋಡಿದ್ದೇನೆ.

ಈಗ 1966ರ ವಿಷಯ. ನಿಮ್ಮ ಖುಷಿಗೆ ತಣ್ಣೀರು ಎರಚಲು ಬೇಸರ, ಆದರೂ ಹೇಳಲೇಬೇಕು. ಅದು ಗೊಂಬೆ ತಯಾರಾದ ವರ್ಷ ಅಲ್ಲ. ಆ ಮೈಯ ವಿನ್ಯಾಸದ ಹಕ್ಕು ದಾಖಲಾದ ವರ್ಷ. ಅದೇ ಇಸವಿಯ ಗುರುತು ಹೊತ್ತ ಬಾರ್ಬಿಗಳು 1990ರ ದಶಕದವರೆಗೂ ಬಂದಿವೆ. ಕತ್ತಿನ ಹಿಂದೆ, ಕೂದಲು ಎತ್ತಿ ನೋಡಿ. ಅಲ್ಲಿ 1976 ಅಂತ ಇದ್ದರೆ ತಲೆಯ ಅಚ್ಚು ಆ ವರ್ಷದ್ದು, ಅಂದರೆ ಗೊಂಬೆ 1977ಕ್ಕಿಂತ ಹಳೆಯದಾಗಿರುವುದು ಕಷ್ಟ. ಶುರುವಿನಲ್ಲಿ ನಾನೂ ಇಲ್ಲೇ ಎಡವಿದೆ. ಒಬ್ಬ ಮಾರಾಟಗಾರರು ಬೆನ್ನಿನ ಇಸವಿ ತೋರಿಸಿ, ಅರುವತ್ತರ ದಶಕದ್ದು ಅಂದರು. ನಂಬಿ, ಎರಡು ತಿಂಗಳು ಕೂಡಿಟ್ಟ ಹಣ ಕೊಟ್ಟೆ. ಮನೆಗೆ ಬಂದು ಕೂದಲು ಎತ್ತಿದಾಗ ಕಣ್ಣಿಗೆ ಬಿದ್ದದ್ದು 1976. ಬಹಳ ನೋವಾಯಿತು. ಆಮೇಲೆ ಎರಡು ಗುರುತೂ ನೋಡದೆ ಕೊಂಡಿಲ್ಲ. ಎರಡು ಇಸವಿ ಕಂಡರೆ ಈಚೆಯದನ್ನು ನಂಬಬೇಕು. ಗೊಂಬೆ ಅದಕ್ಕಿಂತ ಹಿಂದಿನದಲ್ಲ ಅಂತ ಮಾತ್ರ ಅದು ಹೇಳುತ್ತದೆ.

ದೇಶದ ಹೆಸರೂ ಕಾಲ ಹೇಳುತ್ತದೆ. ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಬೇಕು ಅಂತ ಅಮೆರಿಕ 1891ರಿಂದ ನಿಯಮ ಮಾಡಿತು. ಹಾಗಾಗಿ "ಜರ್ಮನಿ" ಅಂತ ಕೊರೆದ ಪಿಂಗಾಣಿ ತಲೆ ಸಾಮಾನ್ಯವಾಗಿ ಅದರ ನಂತರದ್ದು. "ಪಶ್ಚಿಮ ಜರ್ಮನಿ" ಅಂತಿದ್ದರೆ 1990ಕ್ಕೆ ಮೊದಲಿನದು. "ಆಕ್ರಮಿತ ಜಪಾನ್" ಅಂತಿದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲಿನದು, 1952ರ ಒಳಗಿನದು. ಒಂದು ಭೂತಗನ್ನಡಿ, ಒಂದು ಟಾರ್ಚು ಚೀಲದಲ್ಲಿರಲಿ. ಬೆಳಕನ್ನು ಓರೆಯಾಗಿ ಹಿಡಿದರೆ ಮಾಸಿದ ಅಕ್ಷರವೂ ಎದ್ದು ಕಾಣುತ್ತದೆ.

ಅಗ್ಗ ಅಂತ ಎಲ್ಲವನ್ನೂ ಮನೆಗೆ ತರಬೇಡಿ. ಮೊದಲು ಮೂಸಿ ನೋಡಿ. 1940–50ರ ದಶಕದ ಕೆಲವು ಗಟ್ಟಿ ಪ್ಲಾಸ್ಟಿಕ್ ಗೊಂಬೆಗಳಿಂದ ವಿನೆಗರಿನ ಹುಳಿ ವಾಸನೆ ಬರುತ್ತದೆ. ಆ ಪ್ಲಾಸ್ಟಿಕ್ ಒಳಗಿನಿಂದ ಕೊಳೆಯುತ್ತಿದೆ ಅಂತ ಅರ್ಥ. ಅದನ್ನು ನಿಲ್ಲಿಸಲು ಆಗುವುದಿಲ್ಲ. ಅದರಿಂದ ಹೊರಡುವ ಆಮ್ಲ ಪಕ್ಕದ ಗೊಂಬೆಗೂ, ಬಟ್ಟೆಗೂ ತೊಂದರೆ ಕೊಡುತ್ತದೆ. ಸೆಲ್ಯುಲಾಯ್ಡ್ ಅನ್ನುವ ಹಳೆಯ ಬಗೆಯ ಪ್ಲಾಸ್ಟಿಕ್ಕಿನ, ತೀರಾ ಹಗುರಾದ, ತೆಳ್ಳಗಿನ ಗೊಂಬೆ ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುತ್ತದೆ, ಅದನ್ನು ದೀಪದ ಹತ್ತಿರ ಇಡಲೇಬಾರದು. ಮರದ ಹೊಟ್ಟು ಮತ್ತು ಅಂಟು ಕಲಸಿ ಮಾಡಿದ ಗೊಂಬೆಗಳ ಮೈ ಬಿರುಕು ಬಿಟ್ಟಿದ್ದರೆ ಶುರುವಿನಲ್ಲೇ ಕೈ ಹಾಕಬೇಡಿ. ನೀರು ತಾಗಿದರೆ ಬಣ್ಣ ಪದರ ಪದರವಾಗಿ ಏಳುತ್ತದೆ. ವಿನೈಲ್ ಅನ್ನುವ ಮೆತ್ತನೆ ಪ್ಲಾಸ್ಟಿಕ್ಕಿನ ಗೊಂಬೆಯ ಮೈ ಜಿಗುಟಾಗಿದ್ದರೆ, ಅದನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ ಹೊರಗೆ ಬರುತ್ತಿದೆ ಅಂತ ತಿಳಿಯಿರಿ. ಸೋಪುನೀರಲ್ಲಿ ತೊಳೆದರೆ ಕೆಲವು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಜಿಗುಟು. ಅಂಥದ್ದನ್ನು ತುಂಬಾ ಇಷ್ಟವಾದರೆ ಮಾತ್ರ ತನ್ನಿ.

ಗಂಟುಗಟ್ಟಿದ ಕೂದಲಿಗೆ ಮಾತ್ರ ಹೆದರಬೇಡಿ. ನೋಡಿದವರು ಗೊಂಬೆ ಹಾಳಾಯಿತು ಅಂತ ಬಿಡುವುದು ಕೂದಲಿಗೇ. ಸರಿ ಮಾಡಲು ಎಲ್ಲಕ್ಕಿಂತ ಸುಲಭವೂ ಅದೇ. ನಾನು ಮಾಡುವ ಕ್ರಮ ಹೇಳುತ್ತೇನೆ. ಬಟ್ಟೆ ತೆಗೆದು, ಉಗುರುಬೆಚ್ಚಗಿನ ನೀರಲ್ಲಿ ಶಾಂಪೂ ಹಾಕಿ ಕೂದಲು ತೊಳೆಯಿರಿ. ಮೊದಲ ನೀರು ಕಪ್ಪಗೆ ಬರುತ್ತದೆ, ಬರಲಿ. ಆಮೇಲೆ ಅಗ್ಗದ ಕಂಡೀಷನರ್ ಧಾರಾಳವಾಗಿ ಹಚ್ಚಿ ಅರ್ಧ ಗಂಟೆ ಬಿಡಿ. ಗೊಂಬೆಯನ್ನು ಟವೆಲ್ಲಿನ ಮೇಲೆ ಬೋರಲು ಮಲಗಿಸಿ. ಕೂದಲನ್ನು ಬೆರಳಿನಿಂದ ಸಣ್ಣ ಸಣ್ಣ ಪಾಲು ಮಾಡಿ. ಒಂದು ಪಾಲನ್ನು ಬುಡದ ಹತ್ತಿರ ಬಿಗಿಯಾಗಿ ಹಿಡಿದು ತುದಿಯ ಒಂದು ಬೆರಳಿನಷ್ಟು ಮಾತ್ರ ಬಾಚಿ. ಅದು ಬಿಟ್ಟಮೇಲೆ ಸ್ವಲ್ಪ ಮೇಲೆ ಹೋಗಿ. ಬುಡದಿಂದ ಎಳೆದಿರೋ, ಎಳೆ ಎಳೆಯಾಗಿ ಕಿತ್ತು ಬರುತ್ತದೆ, ನೆತ್ತಿಯಲ್ಲಿ ತೂತುಗಳ ಸಾಲು ಕಾಣುತ್ತದೆ. ಗಂಟು ಹಠ ಮಾಡಿದರೆ ಕತ್ತರಿ ತರಬೇಡಿ, ಬಾಚಣಿಗೆಯ ಒಂದೇ ಹಲ್ಲಿನಿಂದ ಕುಟುಕಿ ಕುಟುಕಿ ಬಿಡಿಸಿ. ಮೊನ್ನೆ ಒಂದು ಗೊಂಬೆಗೆ ನನಗೆ ಮೂರು ಸಂಜೆ ಬೇಕಾಯಿತು. ಮೂರನೇ ಸಂಜೆ ಬಾಚಣಿಗೆ ನೆತ್ತಿಯಿಂದ ತುದಿಯವರೆಗೆ ತಡೆಯಿಲ್ಲದೆ ಇಳಿಯಿತು. ಆಗ ಆದ ಸಂತೋಷ ಹೊಸ ಗೊಂಬೆ ಕೊಂಡಾಗ ನನಗೆ ಯಾವತ್ತೂ ಆಗಿಲ್ಲ.

ಸಿಕ್ಕು ಪೂರ್ತಿ ಬಿಟ್ಟಮೇಲೆ ಕೂದಲನ್ನು ನೇರ ಮಾಡಲು ಬಿಸಿನೀರು. ಕುದಿಸಿ ಇಳಿಸಿ, ಒಂದು ನಿಮಿಷ ಬಿಟ್ಟ ನೀರು. ಅದರಲ್ಲಿ ಕೂದಲು ಮಾತ್ರ ಹತ್ತು ಸೆಕೆಂಡು ಅದ್ದಿ, ಬಾಚಿ, ತಣ್ಣೀರು ಹೊಯ್ಯಿರಿ. ಗೊಂಬೆಯ ಕೂದಲಿಗೆ ಬಳಸುವ ನೈಲಾನ್, ಸರಾನ್ ಅನ್ನುವ ಪ್ಲಾಸ್ಟಿಕ್ ಎಳೆಗಳು ಬಿಸಿಯಲ್ಲಿ ಮೆತ್ತಗಾಗಿ, ತಣ್ಣಗಾದಾಗ ಆ ಆಕಾರಕ್ಕೇ ನಿಲ್ಲುತ್ತವೆ. ಗುಂಗುರು ಬೇಕಾದರೆ ಜ್ಯೂಸ್ ಕುಡಿಯುವ ಸ್ಟ್ರಾ ತುಂಡಿಗೆ ಸುತ್ತಿ ಹೀಗೇ ಮಾಡಿ. ಎಲ್ಲಕ್ಕೂ ಮೊದಲು ಹಿಂದಿನ ಕೆಳಗಿನ ಸಾಲಿನ ಒಂದು ಎಳೆಯನ್ನು ಅದ್ದಿ ಪರೀಕ್ಷೆ ಮಾಡಿ, ಕೆಲವು ಎಳೆಗಳು ಬಿಸಿಗೆ ಸುಕ್ಕಾಗುತ್ತವೆ. ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆಗೆ ಇದನ್ನು ಮಾಡಲೇಬೇಡಿ. ಅದರ ತಲೆಯೊಳಗೆ ಲೋಹದ ಭಾಗ ಇರುತ್ತದೆ, ನೀರು ಹೋದರೆ ತುಕ್ಕು. ಉಣ್ಣೆಯ ಅಥವಾ ನಿಜವಾದ ಕೂದಲಿನ ವಿಗ್ ಇದ್ದರೂ ಬೇಡ.

ಬಟ್ಟೆಗೆ ಹಣ ಹಾಕಬೇಡಿ. ಜೋಡಿ ಕಳೆದುಕೊಂಡ ಕಾಲುಚೀಲ ಒಂದಿದ್ದರೆ ಸಾಕು. ಅದರ ಮೇಲಿನ ಬಿಗಿ ಪಟ್ಟಿಯ ಭಾಗವನ್ನು ಒಂದು ಗೇಣು ಕತ್ತರಿಸಿ, ಪಟ್ಟಿ ಎದೆಗೆ ಬರುವ ಹಾಗೆ ಕೆಳಗಿನಿಂದ ಏರಿಸಿದರೆ ಹೊಲಿಗೆಯಿಲ್ಲದ ಉಡುಪು ಆಯಿತು. ಆಮೇಲೆ ಹಳೆ ಕರವಸ್ತ್ರ, ರವಿಕೆ ಹೊಲಿದು ಉಳಿದ ಚೂರು, ಅಂಗಿಯ ತೋಳು. ಸಣ್ಣ ಹೂವಿನ, ತೆಳು ಬಟ್ಟೆ ಆರಿಸಿ. ದೊಡ್ಡ ಹೂವು ಗೊಂಬೆಯ ಮೈಮೇಲೆ ಪರದೆಯಂತೆ ಕಾಣುತ್ತದೆ. ಕಪ್ಪು, ಕೆಂಪು, ಕಡುನೀಲಿ ಬಟ್ಟೆ ತೊಡಿಸುವ ಮೊದಲು ಎರಡು ಸಲ ಒಗೆಯಿರಿ. ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ, ಬಣ್ಣ ಬಿಡುತ್ತಾ ನೋಡಿ. ವಿನೈಲಿಗೆ ಒಮ್ಮೆ ಬಣ್ಣ ಇಳಿದರೆ ತೆಗೆಯುವುದು ಬಹಳ ಕಷ್ಟ.

ಅರೆಗೆ ನೇರ ಬಿಸಿಲು ಬೀಳಬಾರದು. ವಿನೈಲ್ ಕಾಲುಗಳು ಥರ್ಮಾಕೋಲಿಗೆ ಅಥವಾ ಗಟ್ಟಿ ಪ್ಲಾಸ್ಟಿಕ್ ತಟ್ಟೆಗೆ ತಾಗಿಕೊಂಡು ತಿಂಗಳುಗಟ್ಟಲೆ ಇದ್ದರೆ ಎರಡೂ ಕರಗಿ ಅಂಟಿಕೊಳ್ಳಬಹುದು. ನಡುವೆ ಒಂದು ಬಿಳಿ ಹತ್ತಿ ಬಟ್ಟೆ ಹಾಸಿ. ಇಷ್ಟು ಮಾಡಿದರೆ ಸಾಕು.

ಲೆಕ್ಕದ ಮಾತಿಗೆ ಬಂದರೆ, ತಿಂಗಳಿಗೆ ಇಷ್ಟು ಅಂತ ಒಂದು ಲಕೋಟೆಯಲ್ಲಿ ಎತ್ತಿಡಿ. ಲಕೋಟೆ ಖಾಲಿಯಾದರೆ ಆ ತಿಂಗಳು ಕೈಯಲ್ಲಿರುವ ಗೊಂಬೆಯ ಕೆಲಸ ಮಾತ್ರ. ಅರೆ ತುಂಬಿದ ಮೇಲೆ ಒಂದು ಬಂದರೆ ಒಂದು ಹೋಗಬೇಕು. ನೀವೇ ಸರಿಮಾಡಿದ ಗೊಂಬೆಯನ್ನು ಇನ್ನೊಬ್ಬರಿಗೆ ಬದಲಿಗೆ ಕೊಟ್ಟರೆ ದುಡ್ಡಿಲ್ಲದೆ ಹೊಸದು ಬರುತ್ತದೆ. ನಾನು ಈಗಲೂ ಹೀಗೇ ಮಾಡುವುದು. ಒಂದು ನೋಟ್‌ಬುಕ್ಕೂ ಬೇಕು. ನಂಬರ್, ಎಲ್ಲಿಂದ ಬಂತು, ಕೊಟ್ಟವರು ಯಾರು, ತಲೆಯ ಮತ್ತು ಬೆನ್ನಿನ ಗುರುತು, ನೀವು ಮಾಡಿದ ರಿಪೇರಿ. ರಿಪೇರಿಯನ್ನು ಮುಚ್ಚಿಡದೆ ಬರೆಯಿರಿ, ನಾಳೆ ಬೇರೆಯವರ ಕೈಗೆ ಹೋದಾಗ ಅವರಿಗೆ ನಿಜ ಗೊತ್ತಿರಬೇಕು. ಯಾವ ಮಗು ಆ ಗೊಂಬೆ ಜೊತೆ ಆಡಿತ್ತು, ಏನು ಹೆಸರಿಟ್ಟಿತ್ತು ಅಂತ ಕೊಟ್ಟವರನ್ನು ಕೇಳಿ. ಹೆಚ್ಚಿನವರಿಗೆ ನೆನಪಿರುತ್ತದೆ.

ಇನ್ನು ನಿಮ್ಮ ಗೊಂಬೆಯ ಹಸಿರು ಕಲೆ. ಅದು ಲೋಹದಿಂದ ಬಂದದ್ದು. ಓಲೆಯದೋ, ಯಾವುದೋ ಮಗು ಚುಚ್ಚಿದ ಗುಂಡುಪಿನ್ನಿನದೋ, ತಾಮ್ರ ಬೆರೆತ ಲೋಹ ವಿನೈಲಿನೊಳಗೆ ಹಸಿರಾಗಿ ಹರಡಿದೆ. ಓಲೆಯೋ ಪಿನ್ನೋ ಇನ್ನೂ ಒಳಗಿದ್ದರೆ, ಕೂದಲಿಗೆ ಕೈ ಹಾಕುವ ಮೊದಲು ಅದನ್ನು ತೆಗೆಯಿರಿ. ಎಳೆದರೆ ಬರದಿದ್ದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಕಿವಿಗೆ ಎರಡು ನಿಮಿಷ ಒತ್ತಿ ಹಿಡಿಯಿರಿ, ವಿನೈಲ್ ಮೆತ್ತಗಾಗಿ ಬಿಡುತ್ತದೆ. ಆಮೇಲೆ ಕಲೆಯ ಮೇಲೆ ಮಾತ್ರ ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಕ್ರೀಮನ್ನು ಹತ್ತಿಯ ಕಡ್ಡಿಯಿಂದ ಚುಕ್ಕೆಯಷ್ಟು ಇಡಿ. ಕಣ್ಣು, ತುಟಿಯ ಬಣ್ಣಕ್ಕೆ, ಕೂದಲಿಗೆ ತಾಗಬಾರದು. ದಿನಕ್ಕೊಮ್ಮೆ ಒರೆಸಿ ನೋಡಿ, ಸುತ್ತಲ ಚರ್ಮದ ಬಣ್ಣ ಬಿಳಿಚಿಕೊಳ್ಳುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ. ಕಲೆ ಪೂರ್ತಿ ಹೋಗಲಿಕ್ಕಿಲ್ಲ, ಹೋದರೂ ಸ್ವಲ್ಪ ಮತ್ತೆ ಬರಬಹುದು. ಕೂದಲನ್ನು ಕಿವಿ ಮುಚ್ಚುವ ಹಾಗೆ ಬಾಚಿದರೆ ಕಾಣುವುದಿಲ್ಲ. ಹೌದು, ಇದರಿಂದಲೇ ಶುರು ಮಾಡಿ. ಕತ್ತಿನ ಹಿಂದೆ ಯಾವ ಇಸವಿ ಇತ್ತು ಅಂತ ನನಗೂ ಒಂದು ಸಾಲು ಬರೆದು ತಿಳಿಸಿ.